ಗ್ರೀಕ್ ತತ್ತ್ವಶಾಸ್ತ್ರ: ದೇವರು, ನೀತಿ, ಸುಖ. ಎಲ್ಲಿಂದ ಶುರು ಮಾಡಲಿ? ಓದಿದವರು ಹೇಳಿ

ಹೊಸಓದುಗ: ಎಲ್ಲರಿಗೂ ನಮಸ್ಕಾರ. ದಿನಕ್ಕೆ ಒಂದು ಗಂಟೆಯಂತೆ ನಾಲ್ಕು ತಿಂಗಳು ಬಿಡುವಿದೆ. ದೇವರು, ನೀತಿ, ಸುಖದ ಬಗ್ಗೆ ಗ್ರೀಕರು ಬರೆದದ್ದನ್ನೇ ಇಂಗ್ಲಿಷ್ ಅನುವಾದದಲ್ಲಿ ಓದಬೇಕು. ನೇರವಾಗಿ ಅರಿಸ್ಟಾಟಲ್‌ಗೆ ಕೈ ಹಾಕಲೇ? ಖಗೋಳದ ಗಂಧಗಾಳಿಯೂ ನನಗಿಲ್ಲ.

ಲೈಸಿಯಂ: ಅರಿಸ್ಟಾಟಲ್‌ನನ್ನೇ ಹಿಡೀರಿ. ನಾನು ಹಿಡಿದದ್ದೂ ಅವನನ್ನೇ, ಇವತ್ತಿಗೂ ಅದೇ ಸರಿ ಅಂತೀನಿ. ಅವನ ನೀತಿಗ್ರಂಥ 'ನಿಕೊಮೇಕಿಯನ್ ಎಥಿಕ್ಸ್' ಬೆಕ್ಕರ್ ಪುಟ (ಬೆಕ್ಕರ್‌ನ ಗ್ರೀಕ್ ಆವೃತ್ತಿಯ ಪುಟಸಂಖ್ಯೆ) 1094ರಿಂದ 1181ರವರೆಗೆ, ಒಟ್ಟು 88. ದಿನಕ್ಕೊಂದು ಪುಟ ಓದಿದರೆ ಮೂರು ತಿಂಗಳಲ್ಲಿ ಮುಗಿಯುತ್ತೆ. ಕೊಳ್ಳುವ ಮುಂಚೆ ಅಂಚಿನಲ್ಲಿ ಬೆಕ್ಕರ್ ಅಂಕಿ ಇದೆಯಾ ನೋಡಿ. ಅಗ್ಗದ ಪ್ರತಿಗಳಲ್ಲೂ ಬಹಳಷ್ಟು ಉಚಿತ ಇ-ಪ್ರತಿಗಳಲ್ಲೂ ಅದು ಇರೋದಿಲ್ಲ. ವ್ಯಾಖ್ಯಾನಗಳೆಲ್ಲ 1097ಬಿ (ಬಿ ಅಂದ್ರೆ ಪುಟದ ಎರಡನೇ ಕಾಲಂ) ಅಂತಲೇ ಸೂಚಿಸುತ್ತವೆ, ಆ ಸಾಲು ಹುಡುಕೋದರಲ್ಲೇ ಅರ್ಧ ಗಂಟೆ ಹೋಗುತ್ತೆ. ಕೊನೆಗೆ ಇನ್ನೊಂದು ಪ್ರತಿ ಕೊಳ್ಳಬೇಕು, ಮೊದಲಿನ ದುಡ್ಡು ದಂಡ.

ಓದುವ ಕ್ರಮ: ಮೊದಲನೇ ಮತ್ತು ಎರಡನೇ ಪುಸ್ತಕ (ಗ್ರಂಥದ ಭಾಗಗಳಿಗೆ ಹೀಗೇ ಅನ್ನೋದು), ಮೂರರ ಮೊದಲ ಐದು ಅಧ್ಯಾಯ, ಅಲ್ಲಿಂದ ಹತ್ತರ 6ರಿಂದ 8. ಆಮೇಲೆ ಉಳಿದದ್ದು. 5, 6, 7ನೇ ಪುಸ್ತಕಗಳು ಅವನದೇ ಇನ್ನೊಂದು ನೀತಿಗ್ರಂಥ 'ಯೂಡೀಮಿಯನ್ ಎಥಿಕ್ಸ್'ನಲ್ಲೂ ಇವೆ. ಹಾಗಾಗಿಯೇ ಸುಖಾನುಭವದ ಚರ್ಚೆ ಏಳರ ಕೊನೆಯಲ್ಲಿ ಒಮ್ಮೆ, ಹತ್ತರ ಆರಂಭದಲ್ಲಿ ಇನ್ನೊಮ್ಮೆ ಬರುತ್ತೆ, ಒಂದಕ್ಕೊಂದು ಗುರುತೇ ಇಲ್ಲದ ಹಾಗೆ. ಎರಡನ್ನೂ ಬಲವಂತವಾಗಿ ಹೊಂದಿಸೋಕೆ ಹೋಗಿ ಎಷ್ಟೋ ಜನ ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಸದ್ಗುಣ ಅಂದ್ರೆ ಅತಿ ಮತ್ತು ಕೊರತೆಗಳ ನಡುದಾರಿ ಅಂತಾನೆ. ಆ ನಡುದಾರಿ ಅಂದ್ರೆ ಸರಾಸರಿ ಅಲ್ಲ. 1106ಬಿ ನೋಡಿ: ಆಹಾರ ಹತ್ತು ಮೀನಾ (ಗ್ರೀಕ್ ತೂಕ) ಹೆಚ್ಚು, ಎರಡು ಕಡಿಮೆ ಅಂದಮಾತ್ರಕ್ಕೆ ತರಬೇತುದಾರ ಎಲ್ಲರಿಗೂ ಆರು ಬಡಿಸೋದಿಲ್ಲ. ಪೈಲ್ವಾನ್ ಮಿಲೋಗೆ ಅದು ಸಾಲದು. ಕೊಲೆ, ಕಳವು, ವ್ಯಭಿಚಾರಕ್ಕಂತೂ ನಡುದಾರಿಯೇ ಇಲ್ಲ ಅಂತ 1107ಎನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದಾನೆ.

ತೋಟದವಳು: ನಾಲ್ಕು ತಿಂಗಳು ಸುರಿದು ಕೊನೆಗೆ ಸಿಗೋದೇನು ಸರ್? ತತ್ತ್ವಚಿಂತನೆಯೇ ಪರಮ ಸುಖ ಅನ್ನೋ ಮಾತು. ಅದಕ್ಕೆ ಬೇಕಾದ ಬಿಡುವು, ಆಸ್ತಿ, ಒಳ್ಳೆಯ ಮನೆತನ ಯಾರಿಗಿದೆ? ನಾನು ಎಪಿಕ್ಯೂರಸ್‌ನನ್ನು ಆರಿಸಿಕೊಂಡೆ, ವಿಷಾದವಿಲ್ಲ. ಮೆನೀಸಿಯಸ್‌ಗೆ ಬರೆದ ಪತ್ರ ಒಂದೇ ಕೂತಿನಲ್ಲಿ ಮುಗಿಯುತ್ತೆ. ತತ್ತ್ವಜ್ಞರ ಜೀವನಚರಿತ್ರೆ ಬರೆದ ಡಯಾಜಿನಿಸ್ ಲಾಯೆರ್ಟಿಯಸ್‌ನ ಹತ್ತನೇ ಪುಸ್ತಕದಲ್ಲಿದೆ, ಭಾಗ 122ರಿಂದ 135. ಅದರಿಂದ ಸ್ವಲ್ಪ ಮುಂದೆ ಅವನ 40 ಮುಖ್ಯ ಸೂತ್ರಗಳು. ಆಸೆಗಳನ್ನು ಮೂರು ರಾಶಿ ಮಾಡಿ: ಸಹಜ ಮತ್ತು ಅಗತ್ಯ, ಸಹಜ ಆದರೆ ಅನಗತ್ಯ, ಎರಡೂ ಅಲ್ಲದ್ದು. ಎಡವೋದು ಎರಡನೇ ರಾಶಿಯಲ್ಲಿ. ರುಚಿಯಾದ ಊಟ ಅಲ್ಲಿ ಬರುತ್ತೆ. ಸಿಕ್ಕರೆ ಉಣ್ಣಿ, ಸಿಗದಿದ್ದರೆ ಸಂಕಟಪಡಬೇಡಿ ಅನ್ನೋದು ಅದರ ತಾತ್ಪರ್ಯ. ಉಪವಾಸ ಕೂರಿ ಅಂತಲ್ಲ.

ಕಟ್ಟೆಪುರಾಣ: ದೇವರ ಪ್ರಶ್ನೆ ಕೇಳಿದವರಿಗೆ ನಾಸ್ತಿಕನನ್ನು ತೋರಿಸುತ್ತಿದ್ದೀರಲ್ಲ ಮೇಡಂ! ಪ್ಲೇಟೋನ 'ಯೂಥಿಫ್ರೋ' ಓದಲಿ, ಸ್ಟೆಫಾನಸ್ ಪುಟ (ಪ್ಲೇಟೋ ಕೃತಿಗಳಿಗೆ ರೂಢಿಯಲ್ಲಿರುವ ಪುಟಸಂಖ್ಯೆ) 2ರಿಂದ 16, ಅಷ್ಟೇ. 10ಎನಲ್ಲಿ ಗಂಟು ಇದೆ: ಪುಣ್ಯಕಾರ್ಯ ಪುಣ್ಯವಾದ್ದರಿಂದ ದೇವರಿಗೆ ಪ್ರಿಯವೋ, ದೇವರಿಗೆ ಪ್ರಿಯವಾದ್ದರಿಂದ ಪುಣ್ಯವೋ? ಎಲ್ಲರೂ ಈ ಪ್ರಶ್ನೆ ಉದ್ಧರಿಸಿ ನಿಲ್ಲುತ್ತಾರೆ. ವಾದ ಇರೋದು ಅಲ್ಲಿಂದ 11ಬಿವರೆಗೆ. ಹೊತ್ತದ್ದು 'ಹೊತ್ತ ವಸ್ತು' ಆಗೋದು ಯಾರೋ ಹೊತ್ತದ್ದರಿಂದ ಅನ್ನೋ ಮೆಟ್ಟಿಲನ್ನು ಹಾರಿದರೆ ಮುಂದಿನದು ಕೈಗೆ ಹತ್ತೋದಿಲ್ಲ.

ತೋಟದವಳು: ನಾಸ್ತಿಕ ಅಂದದ್ದು ವಾಪಸ್ ತಗೊಳ್ಳಿ. ಭಾಗ 123 ಓದಿ. ದೇವರುಗಳಿದ್ದಾರೆ ಅಂತ ಸ್ಪಷ್ಟವಾಗಿ ಬರೆದಿದ್ದಾನೆ. ಜನಸಾಮಾನ್ಯರ ಕಲ್ಪನೆಗಳನ್ನು ದೇವರ ತಲೆಗೆ ಕಟ್ಟೋದೇ ಅವನ ಪ್ರಕಾರ ಅಪಚಾರ. ರೋಮನ್ ಲೇಖಕ ಸಿಸೆರೋನ ಪುಸ್ತಕದಲ್ಲಿ ಎಪಿಕ್ಯೂರಸ್‌ನ ಎದುರಾಳಿ ಮಾಡಿದ ಆರೋಪವನ್ನು ಎಷ್ಟು ದಿನ ಹೊತ್ತು ತಿರುಗುತ್ತೀರಿ?

ಲೈಸಿಯಂ: ಲೋಕದ ಗೊಡವೆಯೇ ಇಲ್ಲದ ದೇವರು ಇದ್ದರೆಷ್ಟು, ಬಿಟ್ಟರೆಷ್ಟು?

ತೋಟದವಳು: ನಿಮ್ಮವನ ದೇವರಿಗೆ ಇದೆಯಾ? 1178ಬಿನಲ್ಲಿ ದೇವರುಗಳು ಕರಾರು ಮಾಡೋದು, ಇಟ್ಟ ಹಣ ಹಿಂದಿರುಗಿಸೋದು ಹಾಸ್ಯಾಸ್ಪದ ಅಂತ ಅವನೇ ಹೇಳಿದ್ದಾನೆ. ಅವನ 'ಮೆಟಫಿಸಿಕ್ಸ್' 1074ಬಿನಲ್ಲಿ ಅವನ ದೇವರು ತನ್ನ ಚಿಂತನೆಯನ್ನೇ ಚಿಂತಿಸುತ್ತಾ ಕೂತಿದ್ದಾನೆ.

ಲೈಸಿಯಂ: ಆದರೂ ಇಡೀ ವಿಶ್ವ ಅವನ ಕಡೆಗೆ ಪ್ರೀತಿಯಿಂದ ಚಲಿಸುತ್ತೆ, 1072ಬಿ. ಒಬ್ಬನೇ ಅಚಲ ಚಾಲಕ, ಅಂದ್ರೆ ತಾನು ಚಲಿಸದೆ ಉಳಿದದ್ದನ್ನು ಚಲಿಸುವಂತೆ ಮಾಡುವವನು.

ಕಟ್ಟೆಪುರಾಣ: ಒಬ್ಬನೇ? 'ಮೆಟಫಿಸಿಕ್ಸ್' ಹನ್ನೆರಡನೇ ಪುಸ್ತಕದ 8ನೇ ಅಧ್ಯಾಯ ಬಿಟ್ಟು ಓದಿದ್ದೀರಿ ಅನಿಸುತ್ತೆ. ಗ್ರಹಗಳನ್ನು ಹೊತ್ತು ತಿರುಗುವ ಗೋಳಕ್ಕೊಬ್ಬನಂತೆ 55 ಚಾಲಕರು, ಇಲ್ಲವೇ 47.

ಲೈಸಿಯಂ: ಬಿಟ್ಟಿಲ್ಲ ಸ್ವಾಮಿ. ಪುಸ್ತಕ ಮುಗಿಯೋದೇ ಒಡೆಯ ಒಬ್ಬನೇ ಇರಲಿ ಅನ್ನೋ ಹೋಮರನ ಸಾಲಿನಿಂದ, 1076ಎ. ಲೆಕ್ಕವನ್ನೂ ಬಿಡಿಸಿ ಹೇಳಲಾ? ಖಗೋಳಜ್ಞ ಕ್ಯಾಲಿಪಸ್ ಪ್ರಕಾರ ಶನಿ, ಗುರುವಿಗೆ ನಾಲ್ಕು ನಾಲ್ಕು ಗೋಳ, ಉಳಿದ ಐದಕ್ಕೆ (ಮಂಗಳ, ಶುಕ್ರ, ಬುಧ, ಸೂರ್ಯ, ಚಂದ್ರ) ಐದೈದು, ಒಟ್ಟು 33. ಮೇಲಿನ ಗ್ರಹದ ಗತಿ ಕೆಳಗಿನದಕ್ಕೆ ಇಳಿಯದಂತೆ ಎದುರು ತಿರುಗುವ ಗೋಳಗಳು: 3, 3, 4, 4, 4, 4. ಕೊನೆಯ ಚಂದ್ರನಿಗೆ ಬೇಡ. 22. ಕೂಡಿದರೆ 55.

ಕಟ್ಟೆಪುರಾಣ: 47 ಹೇಗೆ? ಸೂರ್ಯ, ಚಂದ್ರರಿಗೆ ಕ್ಯಾಲಿಪಸ್ ಸೇರಿಸಿದ ಎರಡೆರಡು ಕಳೆದರೆ 51, ಅದಕ್ಕೆ ತಕ್ಕಂತೆ ಸೂರ್ಯನ ಎದುರುಗೋಳದಲ್ಲಿ ಎರಡು ಹೋದರೆ 49.

ಲೈಸಿಯಂ: ಸೂರ್ಯನ ನಾಲ್ಕೂ ಎದುರುಗೋಳ ತೆಗೆದರೆ 47 ಸರಿಯಾಗಿ ಬರುತ್ತೆ.

ಕಟ್ಟೆಪುರಾಣ: ತೆಗೆದರೆ ಸೂರ್ಯನ ಗತಿಯೆಲ್ಲ ಚಂದ್ರನಿಗೆ ಅಂಟಿಕೊಳ್ಳುತ್ತೆ. ಆ ಗೋಳಗಳನ್ನು ಇಟ್ಟದ್ದೇ ಅದನ್ನು ತಡೆಯೋಕೆ. 49 ಅನ್ನೋದೇ ಸರಿ, ಪ್ರತಿ ಮಾಡಿದವರ ಕೈತಪ್ಪು ಅಂತ ಹಳೆಯ ವ್ಯಾಖ್ಯಾನಕಾರರೂ ಸಂಶಯಪಟ್ಟಿದ್ದರು.