ಹಳೆಯ ಹಾರ್ಡ್ ಡಿಸ್ಕ್, ಹೊಸ ಲ್ಯಾಪ್‌ಟಾಪ್: ತಂತ್ರಜ್ಞರೊಡನೆ ಪ್ರಶ್ನೋತ್ತರ

ಶಿರಸಿಯ ಸದಸ್ಯೆ: ಸರ್, ತಂದೆಯವರ 2004ರ ಕಂಪ್ಯೂಟರಿನ ಐಡಿಇ (ಅಗಲ ಪಟ್ಟಿಯ ಕೇಬಲ್ಲಿನ ಹಳೆಯ ಬಗೆಯ) ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಜೋಡಿಸಿದ್ದೇನೆ. ಅದು ತಿರುಗಲಾರಂಭಿಸಿ, ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಬಿಡುತ್ತದೆ. ಒಮ್ಮೆ ಮಾತ್ರ ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸ್ ಕೇಳಿತು. ಅವರು ನುಡಿ ತಂತ್ರಾಂಶದಲ್ಲಿ ಬರೆದ ಲೇಖನಗಳೆಲ್ಲ ಅದರಲ್ಲಿವೆ.

ತಂತ್ರಜ್ಞ: ಮೇಡಂ, ಫಾರ್ಮ್ಯಾಟ್‌ಗೆ ಒಪ್ಪಬೇಡಿ, ಡಿಸ್ಕಿನ ವಿದ್ಯುತ್ತನ್ನು ಈಗಲೇ ನಿಲ್ಲಿಸಿ. ಮೂರೂವರೆ ಇಂಚಿನ ಡಿಸ್ಕಿಗೆ 5 ವೋಲ್ಟ್ ಅಲ್ಲದೆ 12 ವೋಲ್ಟ್ ಕೂಡ ಬೇಕು. ಅದನ್ನು ಒದಗಿಸುವ ಪವರ್ ಅಡಾಪ್ಟರ್ ದುರ್ಬಲವಾಗಿದ್ದರೆ ಮೋಟಾರು ವೇಗ ಹಿಡಿಯಲಾರದೆ ಇಂಥದೇ ಸದ್ದು ಬರುವುದುಂಟು. ಆದ್ದರಿಂದ ಚೆನ್ನಾಗಿರುವ ಇನ್ನೊಂದು ಪವರ್ ಅಡಾಪ್ಟರ್ ಹಾಕಿ, ಡಿಸ್ಕಿನ ಮೇಲಿನ ಚೀಟಿಯನ್ನು ನೋಡಿ ಜಂಪರನ್ನು (ಹಿಂಬದಿಯ ಪಿನ್ನುಗಳ ಮೇಲಿನ ಪುಟ್ಟ ಟೊಪ್ಪಿ) ಮಾಸ್ಟರ್ ಸ್ಥಾನದಲ್ಲಿಟ್ಟು, ಒಂದೇ ಒಂದು ಸಲ ಪರೀಕ್ಷಿಸಿ. ಸದ್ದು ಮುಂದುವರಿದರೆ ಡಿಸ್ಕನ್ನು ಓದುವ ಹೆಡ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಮತ್ತೆ ಮತ್ತೆ ಚಾಲೂ ಮಾಡಿದರೆ ಅದು ಬರಹವಿರುವ ಒಳಗಿನ ತಟ್ಟೆಯನ್ನೇ ಗೀಚುತ್ತದೆ, ಹಾಗೆ ಗೀಚಿಹೋದ ಜಾಗದ ಬರಹವನ್ನು ಯಾವ ಪ್ರಯೋಗಾಲಯವೂ ಮರಳಿಸಲಾರದು. ಡಿಸ್ಕ್ ಸರಿಯಾಗಿ ತಿರುಗಿದರೆ ಕಡತಗಳನ್ನು ತೆರೆದು ನೋಡುತ್ತ ಕೂರದೆ, ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಪ್ರತಿ ತೆಗೆಯುವ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳಿ.

ಹಾಸನದ ಸದಸ್ಯ: ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಂದೇಶ ಬಂದಿದೆ.

ತಂತ್ರಜ್ಞ: ದಯವಿಟ್ಟು ಇಂಥದನ್ನು ಇಲ್ಲಿ ಹಾಕಬೇಡಿ. ಹೊರಗೆ ತೆಗೆದೊಡನೆ ತಟ್ಟೆಯ ಮೇಲೆ ತೇವ ಕೂರುತ್ತದೆ, ಇದ್ದ ಅವಕಾಶವೂ ಹೋಗುತ್ತದೆ.

ಮೈಸೂರಿನ ಸದಸ್ಯ: ವಿಂಡೋಸ್‌ನಲ್ಲೇ ಇರುವ ಡಿಸ್ಕ್ ತಪಾಸಣೆಯ ಚೆಕ್‌ಡಿಸ್ಕ್ ಓಡಿಸಿದರೆ ಸಾಕಲ್ಲವೇ? ನನ್ನದು ಅದರಿಂದಲೇ ಸರಿಹೋಯಿತು.

ತುಮಕೂರಿನ ಸದಸ್ಯ: ನಿಮ್ಮ ಡಿಸ್ಕ್ ಸದ್ದು ಮಾಡುತ್ತಿತ್ತೇ? ಪ್ರಶ್ನೆಯನ್ನೇ ಓದದೆ ಸಲಹೆ ಕೊಡುತ್ತೀರಲ್ಲ.

ಮೈಸೂರಿನ ಸದಸ್ಯ: ಓದಿಯೇ ಬರೆದಿದ್ದೇನೆ. ನಿಮಗೆ ಉತ್ತರ ಕೊಡಬೇಕಾದ ಅಗತ್ಯ ನನಗಿಲ್ಲ.

ತಂತ್ರಜ್ಞ: ದುರಸ್ತಿಗೆಂದು ಓಡಿಸಿದ ಚೆಕ್‌ಡಿಸ್ಕ್ ಡಿಸ್ಕಿನ ಮೇಲೆ ಬರೆಯುತ್ತದೆ. ಕಡತ ವ್ಯವಸ್ಥೆಯನ್ನು ಸರಿಪಡಿಸುವುದು ಅದರ ಕೆಲಸ, ನಿಮ್ಮ ಕಡತಗಳನ್ನು ಉಳಿಸುವುದಲ್ಲ. ಪ್ರತಿ ಇಳಿಸಿಕೊಳ್ಳುವ ಮೊದಲು ಅದನ್ನು ಮುಟ್ಟಬಾರದು.

ಬೀದರಿನ ಸದಸ್ಯ: ನನ್ನ ಮೂರೂವರೆ ಇಂಚಿನ ಡಿಸ್ಕ್ ತಿರುಗುವುದೇ ಇಲ್ಲ, ಏನು ಮಾಡಲಿ?

ತಂತ್ರಜ್ಞ: 12 ವೋಲ್ಟ್. ಮೇಲೆ ಬರೆದಿದ್ದೇನೆ.

ಉಡುಪಿಯ ಸದಸ್ಯೆ: ವಿಂಡೋಸ್ ಎಕ್ಸ್‌ಪಿ ಕಾಲದ ಡಿಸ್ಕ್ ಕಾಣುತ್ತಿದೆ, ಆದರೆ ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಎನ್ನುತ್ತದೆ.

ತಂತ್ರಜ್ಞ: ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಹೆಸರನ್ನು ಬದಲಿಸಿಕೊಳ್ಳಿ.

ಧಾರವಾಡದ ಸದಸ್ಯ: ದತ್ತಾಂಶ ಮರಳಿಸಲು ಬೆಂಗಳೂರಿನಲ್ಲಿ ಎಷ್ಟು ಖರ್ಚಾಗುತ್ತದೆ?

ಹಾಸನದ ಸದಸ್ಯ: ಫ್ರೀಜರ್ ಉಪಾಯದಿಂದ ನನ್ನ ಸ್ನೇಹಿತರಿಗೆ ಲಾಭವಾಗಿದೆ. ಎಲ್ಲವನ್ನೂ ತಳ್ಳಿಹಾಕುವುದು ಸರಿಯಲ್ಲ.

ತಂತ್ರಜ್ಞ: ಹಾಗಾದರೆ ಅವರನ್ನೇ ಕೇಳಿ. ಶಿರಸಿಯ ಮೇಡಂ, ಪವರ್ ಅಡಾಪ್ಟರ್ ಬದಲಿಸಿದಿರಾ?

ಶಿರಸಿಯ ಸದಸ್ಯೆ: ಬದಲಿಸಿದೆ ಸರ್. ಸದ್ದು ನಿಂತಿದೆ, ಡಿಸ್ಕ್ ಕಾಣುತ್ತಿದೆ.

ತಂತ್ರಜ್ಞ: ಏನನ್ನೂ ತೆರೆಯಬೇಡಿ, ಪ್ರತಿ ಇಳಿಸಲು ಆರಂಭಿಸಿ.