ಬೆಳಗಾದರೂ ಕೋಳಿಯ ಮೇವಿನ ಚೀಲ ಖಾಲಿಯಾಗಿಲ್ಲ, ಏನು ಮಾಡಲಿ?

ಕೆಂಚಿಯನ್ನು ಸಾಕಿದವರು ಕೇಳಿದ್ದು

ನಮ್ಮಲ್ಲಿ ನಾಲ್ಕು ಹೇಂಟೆಗಳಿವೆ. ಮೊಟ್ಟೆಗೆ ಅಂತ ತಂದವು, ಈಗ ಮನೆಯವರೇ ಆಗಿಬಿಟ್ಟಿದ್ದಾರೆ. ಎರಡು ವರ್ಷದ ಕೆಂಚಿ ಮೂರು ದಿನದಿಂದ ಮಂಕಾಗಿದ್ದಾಳೆ. ಬಾಲ ಇಳಿಬಿಟ್ಟು ಮೂಲೆಯಲ್ಲಿ ನಿಲ್ಲುತ್ತಾಳೆ. ಮೇವಿನ ಹತ್ತಿರ ಬರುತ್ತಾಳೆ, ಎರಡು ಸಲ ಕುಕ್ಕಿ ಬಿಟ್ಟುಬಿಡುತ್ತಾಳೆ. ಆಗಾಗ ಕತ್ತನ್ನು ಒಂಥರಾ ತಿರುಚುತ್ತಾಳೆ. ಎದೆಯ ಮೇಲೆ, ತಿಂದದ್ದು ಮೊದಲು ಹೋಗಿ ಕೂರುವ ಮೇವಿನ ಚೀಲದ ಜಾಗದಲ್ಲಿ, ಉಂಡೆಯೊಂದು ಕೈಗೆ ಸಿಗುತ್ತದೆ. ಹಿಕ್ಕೆ ಹಸಿರು, ನೀರು ನೀರು. ಕೋಳಿ ನೋಡುವ ಡಾಕ್ಟರ್ ಸಿಗಲು ಇನ್ನೂ ಎರಡು ದಿನ ಬೇಕು. ಅಲ್ಲಿಯವರೆಗೆ ಏನು ಮಾಡಲಿ? ತಲೆಕೆಳಗು ಹಿಡಿದು ವಾಂತಿ ಮಾಡಿಸಿ ಅಂತ ಒಬ್ಬರು ಹೇಳಿದರು. ಮಾಡಬಹುದಾ?

ಎರಡು ಕೋಳಿಗೆ ಇದೇ ಆಗಿದ್ದನ್ನು ಕಂಡವರು

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ನಾನು ಅದನ್ನು ಮಾಡಿ ಒಂದು ಕೋಳಿ ಕಳೆದುಕೊಂಡಿದ್ದೇನೆ. ಕೋಳಿಯ ಬಾಯಿ ತೆರೆದು ನೋಡಿ, ನಾಲಿಗೆಯ ಬುಡದಲ್ಲೇ ಸಣ್ಣ ಸೀಳು ಕಾಣುತ್ತದೆ. ಅದು ಉಸಿರಿನ ದಾರಿ. ತಲೆ ಕೆಳಗಾದಾಗ ಚೀಲದಲ್ಲಿರುವ ನೀರೆಲ್ಲ ಅದರ ಮೇಲೇ ಬಂದು ಬೀಳುತ್ತದೆ. ನನ್ನ ಕೋಳಿ ಎರಡು ಸಲ ಒದ್ದಾಡಿತು, ಮೂರನೆಯ ಸಲ ಒದ್ದಾಡಲಿಲ್ಲ. ಅದಕ್ಕೆ ಇದ್ದ ಕಾಯಿಲೆಯಿಂದ ಅದು ಸಾಯಲಿಲ್ಲ, ನನ್ನ ಕೈಯಲ್ಲಿ ಸತ್ತಿತು. ಆರು ವರ್ಷ ಆಯಿತು, ಇನ್ನೂ ನೆನಪಾಗುತ್ತದೆ.

ಈಗ ನೀವು ಮಾಡಬೇಕಾದ್ದು. ಔಷಧಿ ಆಮೇಲೆ, ಮೊದಲು ಕೈ. ಮೇವಿನ ಚೀಲ ಇರುವುದು ಎದೆಯ ಮುಂಭಾಗದಲ್ಲಿ, ಕೋಳಿಯ ಬಲಕ್ಕೆ ಸ್ವಲ್ಪ ವಾಲಿಕೊಂಡು. ತಿಂದ ಕಾಳು ಮೊದಲು ಅಲ್ಲಿ ಕೂತು ನೆನೆಯುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತದೆ. ಸಂಜೆ ಹೊತ್ತಿಗೆ ಅದು ತುಂಬಿ ಉಬ್ಬಿರುವುದೇ ಸರಿ. ಇದು ಗೊತ್ತಿಲ್ಲದೆ ನಾನು ಒಮ್ಮೆ ಹೊಟ್ಟೆ ತುಂಬಾ ತಿಂದು ಆರಾಮಾಗಿದ್ದ ಕೋಳಿಯನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದ್ದೆ. ಅವರು ನಗಲಿಲ್ಲ, ಅದೇ ದೊಡ್ಡದು. ಆದ್ದರಿಂದ ಸಂಜೆ ಮುಟ್ಟಿ ಹೆದರಬೇಡಿ. ರಾತ್ರಿ ಗೂಡಿನಿಂದ ಮೇವು ತೆಗೆದಿಡಿ, ನೀರು ಇರಲಿ. ಬೆಳಗ್ಗೆ ಏನೂ ತಿನ್ನುವ ಮುಂಚೆ ಮುಟ್ಟಿ ನೋಡಿ. ಚಪ್ಪಟೆಯಾಗಿದ್ದರೆ ತೊಂದರೆ ಬೇರೆ ಕಡೆ ಇದೆ. ಆಗಲೂ ತುಂಬಿದ್ದರೆ ಚೀಲ ಕೆಲಸ ಮಾಡುತ್ತಿಲ್ಲ.

ತುಂಬಿದ್ದರೆ ಹೇಗೆ ತುಂಬಿದೆ ಅನ್ನುವುದು ಮುಖ್ಯ. ಗಟ್ಟಿಯಾಗಿ, ನಾದಿದ ಹಿಟ್ಟಿನ ಹಾಗೆ ಇದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ನೀರು ತುಂಬಿದ ಬಲೂನಿನ ಹಾಗೆ ಜುಳುಜುಳು ಅಂದರೆ, ಕೊಕ್ಕಿನ ಹತ್ತಿರ ಮೂಗಿಟ್ಟಾಗ ಹುಳಿ ನಾತ ಬಂದರೆ, ಅದು ಚೀಲ ಹುಳಿಯಾಗಿರುವುದು. ಎರಡಕ್ಕೂ ಮಾಡುವುದು ಬೇರೆ ಬೇರೆ. ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದ್ದು. ಗೊತ್ತಾಗುವ ಮುಂಚೆ ಎಣ್ಣೆ, ವಿನೆಗರ್, ಮೊಸರು ಅಂತ ಒಂದೊಂದೇ ಸುರಿಯಬೇಡಿ.

ನಮ್ಮ ಪುಟ್ಟಿಗೆ ಆಗಿದ್ದು ಗಟ್ಟಿಯಾದದ್ದು. ಹುಲ್ಲು ಕತ್ತರಿಸಿ ಅಲ್ಲೇ ಬಿಟ್ಟಿದ್ದೆ, ಉದ್ದುದ್ದ ಎಳೆ. ಕೋಳಿ ಬೇರು ಬಿಟ್ಟ ಹುಲ್ಲನ್ನು ಕಿತ್ತು ತಿಂದರೆ ತುಂಡು ತುಂಡಾಗಿ ಹೋಗುತ್ತದೆ. ಕತ್ತರಿಸಿ ಬಿದ್ದದ್ದನ್ನು ಹಾಗೇ ನುಂಗುತ್ತದೆ. ಅದು ಒಳಗೆ ಹಗ್ಗದ ಹಾಗೆ ಹೆಣೆದುಕೊಂಡಿತ್ತು. ಪುಟ್ಟಿಯನ್ನು ಬೇರೆ ಇಟ್ಟೆ, ಒಂದು ದಿನ ಕಾಳು ನಿಲ್ಲಿಸಿದೆ, ನೀರು ಮಾತ್ರ ಸದಾ ಇತ್ತು. ಉಗುರು ಬೆಚ್ಚಗಿನ ಎಣ್ಣೆಯನ್ನು ಸಿರಿಂಜಿನಲ್ಲಿ ತೆಗೆದುಕೊಂಡು ಕೊಕ್ಕಿನ ಪಕ್ಕದಲ್ಲಿ ಹನಿ ಹನಿಯಾಗಿ ಬಿಟ್ಟೆ. ಒಂದು ಹನಿ ನುಂಗಿದ ಮೇಲೆ ಇನ್ನೊಂದು. ಒಂದು ಸಲಕ್ಕೆ ಎರಡು ಮಿಲಿ ದಾಟಲಿಲ್ಲ. ಆಮೇಲೆ ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡು ಚೀಲವನ್ನು ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಿದೆ. ಐದೈದು ನಿಮಿಷ, ದಿನಕ್ಕೆ ನಾಲ್ಕು ಸಲ. ಗಂಟಲಿನ ಕಡೆಗೆ ಯಾವತ್ತೂ ಒತ್ತಬಾರದು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಉಂಡೆ ಸ್ವಲ್ಪ ಸಡಿಲವಾಯಿತು. ಮೂರನೆಯ ದಿನ ಹಿಕ್ಕೆಯಲ್ಲಿ ಹುಲ್ಲಿನ ಎಳೆ ಕಂಡಿತು. ಹಿಕ್ಕೆ ನೋಡಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಚೀಲ ಹುಳಿಯಾದ ಕೋಳಿಯನ್ನು ನೋಡಿಕೊಂಡವರು

ಮೇಲೆ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೆಂಚಿಯ ಚೀಲ ಮೆತ್ತಗಿದ್ದು ನೀರಾಗಿದ್ದರೆ ದಯವಿಟ್ಟು ತಿಕ್ಕಬೇಡಿ. ತಿಕ್ಕಿದರೆ ನೀರು ಮೇಲೆ ಬಂದು ಉಸಿರಿನ ದಾರಿಗೆ ಹೋಗಬಹುದು. ತಲೆಕೆಳಗು ಹಿಡಿದಷ್ಟೇ ಅಪಾಯ. ಎಣ್ಣೆಯಿಂದಲೂ ಪ್ರಯೋಜನವಿಲ್ಲ.

ನಮ್ಮದಕ್ಕೆ ಬೇರೆ ಕಾಯಿಲೆಗೆ ಆಂಟಿಬಯೋಟಿಕ್ ಕೊಟ್ಟಿದ್ದರು. ಅದು ಮುಗಿದ ವಾರಕ್ಕೆ ಇದು ಶುರುವಾಯಿತು. ಚೀಲದಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳು ಕಡಿಮೆಯಾದಾಗ ಕ್ಯಾಂಡಿಡಾ ಅನ್ನುವ ಯೀಸ್ಟ್ ಜಾಸ್ತಿಯಾಗುತ್ತದೆ ಅಂತ ಡಾಕ್ಟರ್ ಹೇಳಿದರು. ಮೇವು ತುಂಬಾ ಹೊತ್ತು ಒಂದೇ ಕಡೆ ನಿಂತರೂ ಹೀಗಾಗುತ್ತದೆ. ಅಂದರೆ ಗಟ್ಟಿಯಾಗಿ ಶುರುವಾದದ್ದೇ ನಾಲ್ಕು ದಿನಕ್ಕೆ ಹುಳಿಯಾಗಬಹುದು. ಬಾಯೊಳಗೆ ಬಿಳಿ ಪೊರೆ ಇದೆಯಾ ನೋಡಿ. ಹಳದಿಯಾಗಿ, ಗಿಣ್ಣಿನ ಚೂರಿನ ಹಾಗೆ ಅಂಟಿಕೊಂಡಿದ್ದರೆ ಅದು ಬೇರೆ ರೋಗ ಇರಬಹುದು, ಟ್ರೈಕೊಮೊನಾಸ್ ಅನ್ನುವ ಜೀವಿಯಿಂದ ಬರುವಂಥದ್ದು. ಪಾರಿವಾಳಗಳಲ್ಲಿ ಜಾಸ್ತಿ. ಪಾರಿವಾಳ ಬಂದು ನಿಮ್ಮ ಕೋಳಿಯ ನೀರು ಕುಡಿಯುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. ಅದರ ಔಷಧಿಯೇ ಬೇರೆ. ಕಿತ್ತು ತೆಗೆಯಲು ಹೋಗಬೇಡಿ, ರಕ್ತ ಬರುತ್ತದೆ.

ನಮಗೆ ಯೀಸ್ಟಿಗೆ ಅಂತ ನಿಸ್ಟಾಟಿನ್ ಅನ್ನುವ ಔಷಧಿ ಕೊಟ್ಟರು. ಬಾಯಿಗೆ ಹಾಕುವ ದ್ರವ. ಅಳತೆ ತೂಕದ ಮೇಲೆ ಹೋಗುತ್ತದೆ, ಆದ್ದರಿಂದ ನಾನು ಇಲ್ಲಿ ಬರೆಯುವುದಿಲ್ಲ. ಚೀಲದಲ್ಲಿ ನಿಂತಿದ್ದ ನೀರನ್ನು ಅವರೇ ಕೊಳವೆ ಹಾಕಿ ತೆಗೆದರು. ಅದನ್ನು ಮನೆಯಲ್ಲಿ ಮಾಡುವ ಧೈರ್ಯ ನನಗಿಲ್ಲ.

ವಿನೆಗರ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನೀರಿಗೆ ಸ್ವಲ್ಪ ಬೆರೆಸಿದರೆ ಆರೋಗ್ಯವಾಗಿರುವ ಕೋಳಿಗೆ ತೊಂದರೆ ಏನಿಲ್ಲ. ಆದರೆ ಆಗಲೇ ಹುಳಿಯಾಗಿರುವ ಚೀಲ ಅದರಿಂದ ವಾಸಿಯಾಗಿದ್ದನ್ನು ನಾನು ನೋಡಿಲ್ಲ. ಬೆರೆಸುವುದಾದರೂ ತಗಡಿನ ಪಾತ್ರೆಯಲ್ಲಿ ಬೇಡ, ಹುಳಿಗೆ ತಗಡು ಕರಗುತ್ತದೆ. ಮೊಸರೂ ಅಷ್ಟೇ, ಹಕ್ಕಿಗಳಿಗೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಬ್ರೆಡ್ಡು, ಸಿಹಿ ಮುಟ್ಟಿಸಲೇಬೇಡಿ. ಯೀಸ್ಟಿಗೆ ಅದೇ ಹಬ್ಬದೂಟ.

ಉಪವಾಸದ ಬಗ್ಗೆ ಒಪ್ಪದವರು

ಪುಟ್ಟಿಯ ಕತೆ ಹೇಳಿದವರು ಒಂದು ದಿನ ಕಾಳು ನಿಲ್ಲಿಸಿದೆ ಅಂದರು. ಪುಟ್ಟಿ ಅಲ್ಲಿಯವರೆಗೆ ಚೆನ್ನಾಗಿ ತಿಂದುಕೊಂಡಿತ್ತಲ್ವಾ? ಕೆಂಚಿ ಮೂರು ದಿನದಿಂದ ಸರಿಯಾಗಿ ತಿಂದಿಲ್ಲ. ಇನ್ನೂ ಒಂದು ದಿನ ಖಾಲಿ ಇಟ್ಟರೆ ಚೀಲ ಸರಿಹೋಗುವ ಮೊದಲೇ ಸುಸ್ತಾಗಿ ಬೀಳುತ್ತಾಳೆ. ಆ ಹಸಿರು ಹಿಕ್ಕೆ ಎಷ್ಟೋ ಸಲ ಇದನ್ನೇ ಹೇಳುತ್ತದೆ. ಹೊಟ್ಟೆಗೆ ಏನೂ ಹೋಗದಿದ್ದಾಗ ಬರೀ ಪಿತ್ತ ಹೊರಗೆ ಬರುತ್ತದೆ.

ಎದೆ ಮೂಳೆ ಮುಟ್ಟಿ ನೋಡಿ. ಎರಡೂ ಕಡೆ ಮಾಂಸ ತುಂಬಿದ್ದರೆ ಒಂದು ರಾತ್ರಿ ತಡೆಯುತ್ತಾಳೆ. ಮೂಳೆ ಚಾಕುವಿನ ಅಲಗಿನ ಹಾಗೆ ಎದ್ದಿದ್ದರೆ ಉಪವಾಸ ಬೇಡವೇ ಬೇಡ. ಮಾಮೂಲಿ ಮೇವನ್ನೇ ನೀರಲ್ಲಿ ನೆನೆಸಿ ತೆಳ್ಳಗೆ ಕದಡಿ, ಒಂದೆರಡು ಚಮಚ, ದಿನಕ್ಕೆ ನಾಲ್ಕೈದು ಸಲ. ಬೇಯಿಸಿದ ಮೊಟ್ಟೆಯ ಹಳದಿಯನ್ನೂ ಕಿವುಚಿ ಹಾಕಬಹುದು. ತಾನಾಗೇ ಕುಕ್ಕಿದರೆ ಮಾತ್ರ. ಒತ್ತಾಯ ಮಾಡಿ ಬಾಯಿಗೆ ತುರುಕಬೇಡಿ.

ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಬೆಳಗ್ಗೆ ತೂಕ ಹಾಕಿ ಬರೆದಿಡಿ. ನಮ್ಮದು 1.9 ಕಿಲೋ ಇದ್ದದ್ದು ಐದು ದಿನಕ್ಕೆ 1.6 ಆಯಿತು. ಪುಕ್ಕದ ಮೇಲೆ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರಿಗೆ ಆ ಅಂಕಿ ತುಂಬಾ ಉಪಯೋಗಕ್ಕೆ ಬಂತು.

ಬೆಚ್ಚಗೆ ಇಡಿ, ಅದೂ ಮುಖ್ಯ. ಆದರೆ ಮುಟ್ಟಿದಾಗ ಮೈ ಬಿಸಿ ಇದೆ ಅಂತ ಜ್ವರ ಅಂದುಕೊಳ್ಳಬೇಡಿ, ಕೋಳಿಯ ಮೈ ಸಹಜವಾಗಿಯೇ 41 ಡಿಗ್ರಿಯ ಸುತ್ತಮುತ್ತ ಇರುತ್ತದೆ.

ಹಿಕ್ಕೆ ನೋಡುವ ಅಭ್ಯಾಸ ಇರುವವರು

ಮನೆಯವರೆಲ್ಲ ನನ್ನನ್ನು ನೋಡಿ ನಗುತ್ತಾರೆ, ಆದರೂ ಹೇಳುತ್ತೇನೆ. ಕೆಂಚಿಯನ್ನು ಬೇರೆ ಇಟ್ಟಾಗ ಕೆಳಗೆ ಬಿಳಿ ಕಾಗದ ಹಾಸಿ. ಯಾವ ಹಿಕ್ಕೆ ಯಾರದ್ದು ಅನ್ನುವ ಗೊಂದಲ ಇರುವುದಿಲ್ಲ. ಗಟ್ಟಿಯಾಗಿ, ಮೇಲೆ ಬಿಳಿ ಟೋಪಿ ಇದ್ದರೆ ಸರಿ. ದಿನಕ್ಕೆ ಒಂದೆರಡು ಸಲ ಕಂದು ಬಣ್ಣದ, ಅಂಟಂಟಾದ, ಮೂಗು ಮುಚ್ಚಿಕೊಳ್ಳುವಂಥ ಹಿಕ್ಕೆ ಬರುತ್ತದೆ. ಅದೂ ಸರಿಯಾದದ್ದೇ, ಕರುಳಿನ ಕುರುಡು ಚೀಲಗಳಿಂದ ಬರುವಂಥದ್ದು. ಅದನ್ನು ಭೇದಿ ಅಂದುಕೊಂಡು ಔಷಧಿ ಕೊಟ್ಟವರನ್ನು ನೋಡಿದ್ದೇನೆ. ಏನೂ ಬೀಳದಿದ್ದರೆ ಮಾತ್ರ ಗಾಬರಿಯ ವಿಷಯ.

ರಕ್ತ ಕಂಡರೆ ಕಾಯಬೇಡಿ. ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ರೋಗ ಇರಬಹುದು, ಮರಿಗಳಲ್ಲಂತೂ ಬೇಗ ಪ್ರಾಣ ತೆಗೆಯುತ್ತದೆ. ಜಂತುಹುಳು ಜಾಸ್ತಿಯಾದರೂ ಹೊಟ್ಟೆ ಕೆಡುತ್ತದೆ. ಮೇವಿನ ಚೀಲದ ಗೋಡೆಯಲ್ಲೇ ಕೂರುವ ಕೂದಲಿನಂಥ ಹುಳುವೂ ಇದೆ. ಹಿಕ್ಕೆಯನ್ನು ಪರೀಕ್ಷೆಗೆ ಕೊಟ್ಟರೆ ಎಷ್ಟೋ ವಿಷಯ ಗೊತ್ತಾಗುತ್ತದೆ. ಆಮೇಲೆ ಕೈ ಸೋಪು ಹಾಕಿ ತೊಳೆಯಿರಿ, ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದ್ದರೆ ನಮಗೂ ಬರುತ್ತದೆ.

ಇನ್ನೊಂದು. ಗ್ರಿಟ್, ಅಂದರೆ ಸಣ್ಣ ಕಲ್ಲಿನ ಚೂರು, ಕೊಡುತ್ತೀರಾ? ಕೋಳಿಗೆ ಹಲ್ಲಿಲ್ಲ. ಒಳಗಿನ ಅರೆಯುವ ಹೊಟ್ಟೆಯಲ್ಲಿ ಸಣ್ಣ ಕಲ್ಲುಗಳೇ ಕಾಳನ್ನು ಅರೆಯಬೇಕು. ಅಲ್ಲಿ ಅರೆಯದಿದ್ದರೆ ಮೇಲಿನ ಚೀಲವೂ ಖಾಲಿಯಾಗುವುದಿಲ್ಲ. ಚಿಪ್ಪಿನ ಚೂರು ಹಾಕುತ್ತೇವಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಮೊಟ್ಟೆಯ ಸಿಪ್ಪೆಗೆ ಬೇಕಾದ ಕ್ಯಾಲ್ಸಿಯಂ, ಹೊಟ್ಟೆಯಲ್ಲಿ ಕರಗಿಹೋಗುತ್ತದೆ. ಅರೆಯುವ ಕೆಲಸಕ್ಕೆ ಬರುವುದಿಲ್ಲ.

ಎಲ್ಲ ಮಾಡಿಯೂ ಉಳಿಸಿಕೊಳ್ಳಲಾಗದವರು

ಹೆದರಿಸಬೇಕು ಅಂತ ಅಲ್ಲ. ನಮ್ಮ ಬೆಳ್ಳಿಯ ಚೀಲ ಮೂರು ಸಲ ಖಾಲಿಯಾಗಿ ಮೂರು ಸಲವೂ ಮತ್ತೆ ಕಟ್ಟಿತು. ನಾನು ಚೀಲಕ್ಕೇ ಔಷಧಿ ಮಾಡುತ್ತಾ ಕೂತೆ. ಕೊನೆಗೆ ಸ್ಕ್ಯಾನ್ ಮಾಡಿದಾಗ ಹೊಟ್ಟೆಯೊಳಗೆ ಮೊಟ್ಟೆಯ ಹಳದಿ ಸೋರಿ ಸೋಂಕಾಗಿತ್ತು. ಚೀಲ ನಿಂತದ್ದು ಅದರಿಂದ. ಮೊಟ್ಟೆ ಸಿಕ್ಕಿಕೊಂಡಾಗ, ಮೊಳೆ ತಂತಿ ಏನಾದರೂ ನುಂಗಿದಾಗ, ಸೀಸದ ವಿಷ ಹತ್ತಿದಾಗ, ಮಾರೆಕ್ಸ್ ಅನ್ನುವ ವೈರಸ್ ರೋಗದಲ್ಲಿ ನರ ಸತ್ತಾಗ, ಎಲ್ಲದರಲ್ಲೂ ಮೇವಿನ ಚೀಲ ನಿಲ್ಲಬಹುದು. ಹಾಗಾಗಿ ಒಂದು ಸಲ ಸರಿಹೋಗಿ ಮತ್ತೆ ಬಂದರೆ ಚೀಲ ಬಿಟ್ಟು ಕೆಳಗೆ ನೋಡಿ ಅಂತ ಡಾಕ್ಟರಿಗೆ ನೀವೇ ಕೇಳಿ. ಕೆಂಚಿ ಕೊನೆಯ ಮೊಟ್ಟೆ ಇಟ್ಟದ್ದು ಯಾವಾಗ? ಕೆಳಹೊಟ್ಟೆ ಊದಿದೆಯಾ? ಪೆಂಗ್ವಿನ್ ಹಾಗೆ ನೆಟ್ಟಗೆ ನಿಲ್ಲುತ್ತಾಳಾ?

ಜೋತುಬಿದ್ದ ಚೀಲದ ಕೋಳಿ ಇರುವವರು

ನಮ್ಮ ಮುದುಕಿಯದು ವಾಸಿಯಾಗುವಂಥದ್ದಲ್ಲ. ಚೀಲ ಹಿಗ್ಗಿ ಜೋತುಬಿದ್ದಿದೆ. ಬಟ್ಟೆಯ ಪಟ್ಟಿ ಕಟ್ಟಿ ಎತ್ತಿ ಹಿಡಿದಿದ್ದೇನೆ, ಮೆತ್ತಗಿನ ಮೇವು ಸ್ವಲ್ಪ ಸ್ವಲ್ಪವೇ ಕೊಡುತ್ತೇನೆ. ಎರಡು ವರ್ಷದಿಂದ ಹಾಗೇ ಇದೆ. ಹುಂಜನನ್ನೂ ಹೆದರಿಸುತ್ತದೆ.

ಕೆಂಚಿಯನ್ನು ಸಾಕಿದವರು, ಹತ್ತು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಮರುದಿನ ಬೆಳಗ್ಗೆ ಮುಟ್ಟಿದೆ. ಮೇಲೆ ನೀರು, ಒಳಗೆ ಗಟ್ಟಿ ಉಂಡೆ, ಎರಡೂ ಇತ್ತು! ಕೊಕ್ಕಿನಿಂದ ನಾತ ಬರುತ್ತಿತ್ತು. ಆದ್ದರಿಂದ ತಿಕ್ಕಲಿಲ್ಲ. ಎದೆ ಮೂಳೆ ಚೂಪಾಗಿತ್ತು, ಉಪವಾಸವನ್ನೂ ಹಾಕಲಿಲ್ಲ. ಬೆಚ್ಚಗೆ ಇಟ್ಟು, ಕದಡಿದ ಮೇವು ಚಮಚ ಚಮಚ ಕೊಟ್ಟೆ. ಅರ್ಧ ಕುಡಿದಳು, ಅರ್ಧ ನನ್ನ ಅಂಗಿಗೆ.

ಡಾಕ್ಟರ್ ಕೊಳವೆ ಹಾಕಿ ತೊಳೆದರು. ಉಂಡೆ ಬರಲಿಲ್ಲ. ಕೊನೆಗೆ ಚೀಲ ಕೊಯ್ದೇ ತೆಗೆಯಬೇಕಾಯಿತು. ಒಳಗಿದ್ದದ್ದು ಗೂಡಿಗೆ ನಾನೇ ಹಾಸಿದ್ದ ಒಣಹುಲ್ಲು. ಜೊತೆಗೆ ಮೂಟೆ ಹೊಲಿಯುವ ದಾರ, ಗೇಣುದ್ದ. ಮೇವಿನ ಮೂಟೆ ಬಿಚ್ಚಿದಾಗ ಎಸೆದ ದಾರ ಇರಬೇಕು. ಕೆಳಹೊಟ್ಟೆಯನ್ನೂ ನೋಡಿ ಅಂತ ಕೇಳಿದೆ, ಅಲ್ಲಿ ಏನೂ ಇಲ್ಲವಂತೆ. ಯೀಸ್ಟಿಗೆ ಔಷಧಿ ನಡೆಯುತ್ತಿದೆ. ಅದು ಮುಗಿದು ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಬರೆಸಿಕೊಂಡು ಬಂದೆ. ಇಟ್ಟರಲ್ಲವೇ ತಿನ್ನುವುದು, ಅದು ಬೇರೆ ಮಾತು.

ಉಳಿದ ಮೂವರಿಗೆ ಕಾಣುವ ಹಾಗೆ ಜಾಲರಿಯ ಆಚೆ ಇಟ್ಟಿದ್ದೇನೆ. ಪೂರ್ತಿ ಮರೆತುಬಿಟ್ಟರೆ ವಾಪಸು ಬಿಟ್ಟಾಗ ಕುಕ್ಕುತ್ತಾರಲ್ಲ. ಒಣಹುಲ್ಲು ತೆಗೆದು ಮರದ ಹೊಟ್ಟು ಹಾಸಿದೆ. ಇವತ್ತು ಬೆಳಗ್ಗೆ ಆರಕ್ಕೆ ಹೊಲಿಗೆಯ ಪಕ್ಕದಲ್ಲಿ ಮೆಲ್ಲಗೆ ಮುಟ್ಟಿದೆ. ಕೈಗೆ ಬರೀ ಚರ್ಮ ಸಿಕ್ಕಿತು. ಅಷ್ಟರಲ್ಲಿ ನನ್ನ ಬೆರಳನ್ನೇ ಕುಕ್ಕಿದಳು.