ಜೋವಾಂಥಿಡ್ ತಿನ್ನುವ ಹುಳುಗಳಿಗೆ ಲೆವಾಮಿಸೋಲ್: ಫಲ ಕೊಟ್ಟಿದೆಯೆಂದು ತಿಳಿಯುವುದು ಹೇಗೆ?

ಪ್ರಶ್ನೆ, ತೀರ್ಥಹಳ್ಳಿಯಿಂದ:
ಮಾನ್ಯರೇ, ನನ್ನ 120 ಲೀಟರಿನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಎರಡು ವಾರಗಳಿಂದ ಜೋವಾಂಥಿಡ್‌ಗಳು (ಹೂವಿನಂತೆ ಅರಳುವ ಒಂದು ಬಗೆಯ ಹವಳಗಳು) ಅರಳುತ್ತಿಲ್ಲ. ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಪಾಲಿಪ್‌ಗಳ, ಅಂದರೆ ಹವಳದ ಒಂದೊಂದು ಹೂವಿನಂಥ ಜೀವಿಯ, ಬುಡದಲ್ಲಿ ಅಕ್ಕಿಕಾಳಿನಷ್ಟು ಉದ್ದದ, ಬೆನ್ನ ತುಂಬ ಬೆರಳಿನಂಥ ಎಳೆಗಳಿರುವ ಹುಳುಗಳು ಕಂಡವು. ಹಸಿರು ಪಾಲಿಪ್ ತಿಂದದ್ದು ಹಸಿರಾಗಿಯೂ ಕಿತ್ತಳೆ ಬಣ್ಣದ್ದನ್ನು ತಿಂದದ್ದು ಕಿತ್ತಳೆಯಾಗಿಯೂ ಇದ್ದುದರಿಂದ ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಹಸುಗಳಿಗೆ ಕೊಡುವ ಜಂತಿನ ಔಷಧ ಲೆವಾಮಿಸೋಲನ್ನು ಬಕೆಟ್ಟಿನಲ್ಲಿ ಬೆರೆಸಿ ಹವಳದ ಒಂದು ತುಂಡನ್ನು 15 ನಿಮಿಷ ಮುಳುಗಿಸಿದೆ. ಏಳು ಹುಳುಗಳು ಉದುರಿದವು, ಆದರೆ ಹವಳವೂ ಎರಡು ದಿನ ಮುದುಡಿಕೊಂಡಿತು. ಉಳಿದ ತುಂಡುಗಳಿಗೂ ಹೀಗೆಯೇ ಮಾಡಬಹುದೇ?

ಉತ್ತರ, ಶಿವಮೊಗ್ಗದಿಂದ:
ನೀವು ವರ್ಣಿಸಿದ್ದು ನ್ಯೂಡಿಬ್ರಾಂಕ್; ಅದು ಬಸವನಹುಳುವಿನ ಕುಲದ್ದೇ ಹೊರತು ಜಂತುಹುಳುವಲ್ಲ. ಲೆವಾಮಿಸೋಲ್ ಜಂತುಗಳ ಸ್ನಾಯುಗಳನ್ನು ಸೆಟೆಸಿ ಅವು ಹಿಡಿತ ಬಿಡುವಂತೆ ಮಾಡುವ ಔಷಧವಾದ್ದರಿಂದ, ಉದುರಿದ್ದೆಲ್ಲ ಸತ್ತಿದೆ ಎಂದು ಲೆಕ್ಕ ಹಾಕಬಾರದು. ಹವಳವನ್ನು ಪಕ್ಕಕ್ಕಿಟ್ಟು, ಮೊದಲು ಹುಳುಗಳನ್ನಷ್ಟೇ ಔಷಧ ಬೆರೆಸಿದ ಗಾಜಿನ ಲೋಟದಲ್ಲಿ ಪರೀಕ್ಷಿಸಿ. ಅವಧಿ ಮುಗಿದ ಮೇಲೆ ಶುದ್ಧ ಉಪ್ಪುನೀರಿಗೆ ಹಾಕಿ ಮರುದಿನ ನೋಡಿ. ಜೊತೆಗೆ ಔಷಧವಿಲ್ಲದ ಉಪ್ಪುನೀರಿನಲ್ಲಿ ಒಂದು ಹವಳದ ತುಂಡನ್ನು ಅಷ್ಟೇ ಹೊತ್ತು ಇಡಿ. ನಮ್ಮ ಮಳೆಗಾಲದಲ್ಲಿ ಹೀಟರಿಲ್ಲದ ಬಕೆಟ್ಟು ಬೇಗ ತಣ್ಣಗಾಗುತ್ತದೆ, ಆ ಚಳಿಗೇ ಪಾಲಿಪ್ ಮುಚ್ಚಿಕೊಳ್ಳಬಹುದು. ಪೊಟ್ಟಣವನ್ನೂ ಓದಿ: ಜಾನುವಾರು ಔಷಧಗಳಲ್ಲಿ ಯಕೃತ್ತಿನ ಹುಳುವಿಗೆಂದು ಆಕ್ಸಿಕ್ಲೋಜನೈಡನ್ನೂ ಬೆರೆಸಿರುವುದುಂಟು, ಅಂಥದ್ದು ಬೇಡ. ಔಷಧವನ್ನು ಅಕ್ವೇರಿಯಂಗೆ ನೇರವಾಗಿ ಹಾಕಲೇಬೇಡಿ, ಬಳಸಿದ ನೀರನ್ನು ಬಾವಿಯ ಹತ್ತಿರ ಚೆಲ್ಲಬೇಡಿ.

ಉತ್ತರ, ಸಾಗರದಿಂದ:
ಔಷಧಕ್ಕಿಂತ ಮೊಟ್ಟೆಯ ಚಿಂತೆ ದೊಡ್ಡದು. ಪಾಲಿಪ್‌ಗಳ ಸಂದಿನಲ್ಲಿ ಅಂಟಿಸಿಟ್ಟ ಬಿಳಿ ಸುರುಳಿಗಳು ಸಾಮಾನ್ಯವಾಗಿ ಇಂಥ ಮುಳುಗಿಸುವಿಕೆಗೆ ಜಗ್ಗುವುದಿಲ್ಲ. ಅವನ್ನು ಭೂತಕನ್ನಡಿಯಲ್ಲಿ ಹುಡುಕಿ ಚಿಮಟದಿಂದ ಕೆರೆದು ತೆಗೆಯಬೇಕು, ಮರಿಗಳು ಹೊರಬರುವ ಲೆಕ್ಕದಲ್ಲಿ ವಾರಕ್ಕೊಮ್ಮೆಯಂತೆ ಕೆಲವು ವಾರ ಮತ್ತೆ ಮುಳುಗಿಸಬೇಕು. ಆದರೆ ದಯವಿಟ್ಟು ಬರಿಗೈಯಲ್ಲಿ ಮುಟ್ಟಬೇಡಿ. ಈ ಗುಂಪಿನ ಹಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಅತಿ ತೀವ್ರ ವಿಷವಿದೆ. ಕೈಗವಸು, ಕಣ್ಣಿಗೆ ಕನ್ನಡಕ ಎರಡೂ ಇರಲಿ. ಹುಳು ಸಾಯಲೆಂದು ಕಲ್ಲಿನ ಮೇಲೆ ಕುದಿನೀರು ಸುರಿಯುವ ಯೋಚನೆ ಬಂದರೆ ಅಲ್ಲಿಗೇ ಬಿಡಿ, ಆ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ನೀವು ಹೇಳಿದಂತೆಯೇ ಮಾಡಿದೆ. ಔಷಧವಿಲ್ಲದ ನೀರು ಕಾಲುಗಂಟೆಯಲ್ಲಿ 26ರಿಂದ 22 ಡಿಗ್ರಿಗೆ ಇಳಿದಿತ್ತು, ಅದರಲ್ಲಿದ್ದ ತುಂಡೂ ಮುದುಡಿತ್ತು. ಔಷಧದ ಮೇಲೆ ಹೊರಿಸಿದ್ದ ತಪ್ಪು ಬಹುಮಟ್ಟಿಗೆ ಚಳಿಯದ್ದೇ ಇರಬೇಕು. ಔಷಧದ ಲೋಟದಲ್ಲಿ ಮೂರು ಹುಳುಗಳೂ ಸಡಿಲವಾಗಿ ತಳಕ್ಕೆ ಬಿದ್ದವು. ಇಂದು ಬೆಳಗ್ಗೆ ಶುದ್ಧ ನೀರಿನಲ್ಲಿ ಅವುಗಳಲ್ಲೊಂದು ಬೆನ್ನಿನ ಎಳೆಗಳನ್ನು ನಿಧಾನವಾಗಿ ಎತ್ತಿ ಇಳಿಸುತ್ತಿತ್ತು. ಆದ್ದರಿಂದ ಉಳಿದ ತುಂಡುಗಳನ್ನು ಮುಳುಗಿಸುವುದನ್ನು ನಿಲ್ಲಿಸಿದ್ದೇನೆ. ಮುಂದಿನ ಭಾನುವಾರ ಹೀಟರಿಟ್ಟ ನೀರಿನಲ್ಲಿ, ಬೇರೆ ಬೇರೆ ಪ್ರಮಾಣಗಳೊಂದಿಗೆ ಇನ್ನೊಮ್ಮೆ ಲೋಟದಲ್ಲೇ ನೋಡುತ್ತೇನೆ. ಕಲ್ಲಿನ ಅಡಿಯಲ್ಲಿ ಎರಡು ಬಿಳಿ ಸುರುಳಿಗಳು ಸಿಕ್ಕಿವೆ. ಕೈಗವಸು ಹಾಕಿಯೇ ತೆಗೆದೆ.